ಹಳೆಯ ಫೋರ್ ವ್ಹೀಲ್ ಮತ್ತು ಊರಿನ ಗ್ಯಾರೇಜು

ಮಲೆನಾಡಿನಲ್ಲಿ ಹಳೆಯ ಜೀಪೊಂದು ಮಾರಾಟಕ್ಕಿದೆ ಎಂಬ ಸುದ್ದಿ ಬಂದಾಗ ಜನ ಮೊದಲು ಕೇಳುತ್ತಿದ್ದದ್ದು ಅದು ಯಾವ ಮಾಡೆಲ್ ಎಂದಲ್ಲ, ಯಾರ ಗಾಡಿ ಎಂದು. ತೋಟದ ಗಾಡಿಯೋ, ಬಾಡಿಗೆಗೆ ಓಡಿದ್ದೋ, ನಾಟಾ ಎಳೆದದ್ದೋ, ಡಾಕ್ಟರರ ಮನೆಯ ಶೆಡ್ಡಿನಲ್ಲಿ ತಣ್ಣಗೆ ನಿಂತಿದ್ದದ್ದೋ. ಎರಡನೆಯ ಪ್ರಶ್ನೆ, ಅದನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಯಾರು ಎಂಬುದು. ಬೆಲೆಯ ಮಾತು ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ. ಎಂಬತ್ತು, ತೊಂಬತ್ತರ ದಶಕದ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಮೂಡಿಗೆರೆ, ಸಕಲೇಶಪುರಗಳ ವ್ಯವಹಾರವನ್ನು ಈಗ ನೆನೆದರೆ ಆ ಎರಡು ಪ್ರಶ್ನೆಗಳಲ್ಲಿ ಇಂದಿನ ನಮ್ಮ ವಿಚಾರಣೆಗಿಂತ ಹೆಚ್ಚು ತಿಳಿವಳಿಕೆ ಇತ್ತು ಎನಿಸುತ್ತದೆ. ಈಗ ಮನೆಮಂದಿಗಾಗಿ ಸೆಕೆಂಡ್ ಹ್ಯಾಂಡ್ ಫೋರ್ ವ್ಹೀಲ್ ಹುಡುಕುವವರು ಮೊಬೈಲಿನಲ್ಲಿ ಕಂಪನಿಯ ಹೆಸರು, ಓಡಿದ ಕಿಲೋಮೀಟರು, ಮಾಡೆಲ್ ಇಸವಿ ಈ ಮೂರನ್ನು ನೋಡಿ ಅರ್ಧ ತೀರ್ಮಾನಕ್ಕೆ ಬಂದಿರುತ್ತಾರೆ. ನನ್ನ ವಾದವಿಷ್ಟೇ: ನಂಬಿಕಸ್ತ ಗಾಡಿ ಎಂಬುದು ಕಾರ್ಖಾನೆಯಿಂದ ಹೊರಬಿದ್ದ ದಿನವೇ ಅಂಟಿಬರುವ ಗುಣವಲ್ಲ. ಆ ಗಾಡಿಯ ನಾಲ್ಕು ಚಕ್ರದ ವ್ಯವಸ್ಥೆಯನ್ನು ಇಷ್ಟು ವರ್ಷ ಹೇಗೆ ಬಳಸಲಾಗಿದೆ, ಕೆಟ್ಟರೆ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ನಮ್ಮ ಊರಿನಿಂದ ಎಷ್ಟು ದೂರದಲ್ಲಿವೆ, ಈ ಎರಡರ ಮೇಲೆ ಅದು ನಿಂತಿದೆ. ಹಾಗಾಗಿ ಮಂಗಳೂರಿನವನಿಗೆ ನಂಬಿಕಸ್ತವಾದ ಕಾರು ಶೃಂಗೇರಿಯಾಚೆಯ ತೋಟದವನಿಗೆ ತಲೆನೋವಾಗಬಹುದು. ಅದರಲ್ಲಿ ವಿರೋಧಾಭಾಸವೇನೂ ಇಲ್ಲ.

ಜೀಪು ಈ ಸೀಮೆಯಲ್ಲಿ ಅಷ್ಟು ಕಾಲ ಬಾಳಿದ್ದು ಹೇಗೆ ಎಂಬುದರಿಂದಲೇ ಶುರುಮಾಡಬಹುದು. ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ನಲವತ್ತರ ದಶಕದ ಕೊನೆಯಲ್ಲಿ. 1985ರ ಹೊತ್ತಿಗೆ ಪೆಜೋ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್ ಹೊತ್ತ ಎಂಎಂ540 ಬಂತು. ಅದಕ್ಕೂ ಮೊದಲಿನ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡು ಓಡಿಸಿದವರೂ ಬಹಳ. ಈ ಗಾಡಿಗಳನ್ನು ಕೆಡದ ಗಾಡಿ ಎಂದು ಯಾರೂ ಹೊಗಳಿದ್ದಿಲ್ಲ. ನಿಂತ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು, ಸ್ಟೇರಿಂಗು ಭಾರ, ಟಾರ್ಪಾಲಿನ ಸಂದಿಯಿಂದ ಮಳೆ ಒಳಗೇ ಸುರಿಯುತ್ತಿತ್ತು, ಹೊಂಡಕ್ಕೆ ಇಳಿದರೆ ಬೆನ್ನುಹುರಿಗೆ ಗೊತ್ತಾಗುತ್ತಿತ್ತು. ಆದರೆ ಅವು ಕೆಡುವ ರೀತಿ ಎಲ್ಲರಿಗೂ ತಿಳಿದಿತ್ತು. ಕ್ರಾಸು ಸವೆದರೆ ಬರುವ ಸದ್ದು ಬೇರೆ, ಡಿಫರೆನ್ಶಿಯಲ್ ಸವೆದರೆ ಬರುವ ಊಳು ಬೇರೆ, ಸ್ಪ್ರಿಂಗಿನ ಪ್ಲೇಟು ಮುರಿದರೆ ಗಾಡಿ ವಾಲುವ ಬಗೆ ಬೇರೆ. ಹೋಬಳಿ ಮಟ್ಟದ ಗ್ಯಾರೇಜಿನ ಹುಡುಗನಿಗೂ ಅದು ಕಿವಿಪಾಠ. ಬೇಕಾದ ಸಾಮಾನು ಶಿವಮೊಗ್ಗದಿಂದಲೋ ಹಾಸನದಿಂದಲೋ ಬಸ್ಸಿನಲ್ಲಿ ಬರುತ್ತಿತ್ತು. ನಂಬಿಕೆ ಎಂದರೆ ಎರಡು ಬೇರೆ ಬೇರೆ ಸಂಗತಿಗಳಿವೆ ಎಂಬುದನ್ನು ಆ ಜೀಪುಗಳೇ ತೋರಿಸಿಕೊಟ್ಟವು: ಕೆಡದೆ ಇರುವುದು ಒಂದು, ಕೆಟ್ಟರೂ ಬೇಗ ಎದ್ದು ನಿಲ್ಲುವುದು ಇನ್ನೊಂದು. ಹೊಸ ಗಾಡಿಯಲ್ಲಿ ಮೊದಲನೆಯದಕ್ಕೆ ಬೆಲೆ. ಹತ್ತು ಹನ್ನೆರಡು ವರ್ಷ ದಾಟಿದ ಗಾಡಿ ಹೇಗೂ ಒಂದಲ್ಲ ಒಂದು ಕಡೆ ಕೈಕೊಡುವುದೇ. ಅಲ್ಲಿ ತೂಗಬೇಕಾದದ್ದು ಎರಡನೆಯದನ್ನು.

1985ರ ಕೊನೆಗೆ ಬಂದ ಮಾರುತಿ ಜಿಪ್ಸಿಯ ಕಥೆಯೂ ಇದೇ ಮಾತಿಗೆ ಸಾಕ್ಷಿ ಹೇಳುತ್ತದೆ. ಹಗುರ ಮೈ, ಒಂದು ಲೀಟರಿನ ಪೆಟ್ರೋಲ್ ಎಂಜಿನ್, ಗಟ್ಟಿ ಆಕ್ಸೆಲ್, ನಾಲ್ಕೂ ಮೂಲೆಗೆ ಪ್ಲೇಟು. ಕೆಸರಿನಲ್ಲಿ ಜೀಪು ಹೂತುಕೊಳ್ಳುವ ಕಡೆ ಜಿಪ್ಸಿ ತೇಲಿದಂತೆ ದಾಟುತ್ತದೆ ಎಂಬ ಖ್ಯಾತಿ ಅದಕ್ಕೆ ಸುಮ್ಮನೆ ಬಂದದ್ದಲ್ಲ. ತೂಕ ಕಡಿಮೆ ಇದ್ದಷ್ಟೂ ಜಾರುವ ಏರಿನಲ್ಲಿ ಅನುಕೂಲ. ಪೆಟ್ರೋಲಿನ ಖರ್ಚಿಗೆ ಹೆದರಿ ಮೊದಮೊದಲು ತೋಟದವರು ಹಿಂಜರಿದರು. 1996ರಲ್ಲಿ ಜಿಪ್ಸಿ ಕಿಂಗ್ ಬಂದಾಗ ಅದರ 1.3 ಲೀಟರ್ ಎಂಜಿನ್ ಎಸ್ಟೀಮ್ ಕಾರಿನ ಎಂಜಿನ್ನಿನ ವಂಶದ್ದೇ ಆಗಿತ್ತು. ಅಂದರೆ ಎಸ್ಟೀಮ್ ನೋಡಿದ ಯಾವ ಗ್ಯಾರೇಜಿಗೂ ಜಿಪ್ಸಿ ಕಿಂಗ್ ಪರಕೀಯವಲ್ಲ. ಸೇನೆಯಲ್ಲಿ ದುಡಿದು ಹರಾಜಿಗೆ ಬಂದ ಜಿಪ್ಸಿಗಳನ್ನು ಕೊಂಡು ಸರಿಮಾಡಿಕೊಂಡವರು ಇಂದಿಗೂ ಓಡಿಸುತ್ತಿರುವುದಕ್ಕೆ ಅದರ ಗಟ್ಟಿತನದಷ್ಟೇ ಈ ಪರಿಚಯವೂ ಕಾರಣ. ಅದೇ ಕಾಲಕ್ಕೆ ಅಲ್ಲೊಂದು ಇಲ್ಲೊಂದು ಬಂದಿದ್ದ ವಿದೇಶಿ ಫೋರ್ ವ್ಹೀಲ್‌ಗಳು ಗುಣದಲ್ಲಿ ಇವುಗಳಿಗಿಂತ ಬಹಳ ಮೇಲಿದ್ದರೂ ಒಂದು ಸಣ್ಣ ಸಾಮಾನಿಗಾಗಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತಿದ್ದವು.

ಈಗ ನಾಲ್ಕು ಚಕ್ರದ ಒಳಗಿನ ವಿಷಯಕ್ಕೆ ಬರೋಣ. ಕೊಳ್ಳುವವರು ಎಂಜಿನ್ನಿಗೆ ಕಿವಿಕೊಡುತ್ತಾರೆ, ಪೇಂಟು ನೋಡುತ್ತಾರೆ, ಏಸಿ ಹಾಕಿ ನೋಡುತ್ತಾರೆ. ಯಾವುದಕ್ಕೆಂದು ಹೆಚ್ಚು ಹಣ ಕೊಡುತ್ತಿದ್ದಾರೋ ಆ ಭಾಗವನ್ನೇ ನೋಡುವುದಿಲ್ಲ. ಜೀಪು, ಜಿಪ್ಸಿ, ಫೋರ್ ವ್ಹೀಲ್ ಇರುವ ಬೊಲೆರೊ, ಸ್ಕಾರ್ಪಿಯೊ, ಥಾರ್ ಇವುಗಳಲ್ಲೆಲ್ಲ ಇರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ವ್ಯವಸ್ಥೆ. ಸಾಮಾನ್ಯ ರಸ್ತೆಯಲ್ಲಿ ಹಿಂದಿನ ಚಕ್ರಗಳಷ್ಟೇ ಗಾಡಿಯನ್ನು ತಳ್ಳುತ್ತವೆ. ಲಿವರ್ ಎಳೆದರೆ ಅಥವಾ ಗುಂಡಿ ತಿರುಗಿಸಿದರೆ ಟ್ರಾನ್ಸ್‌ಫರ್ ಕೇಸ್ ಮುಂದಿನ ಆಕ್ಸೆಲನ್ನೂ ಹಿಂದಿನದರ ಜೊತೆ ಕಟ್ಟಿಹಾಕುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಎರಡೂ ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟಿದ್ದರೆ ಆ ವ್ಯತ್ಯಾಸ ಎಲ್ಲಿಯಾದರೂ ಜಾರಿ ಸರಿಹೋಗಬೇಕು. ಕೆಸರಿನಲ್ಲಿ, ಜಲ್ಲಿಯಲ್ಲಿ ಚಕ್ರವೇ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರುವುದಿಲ್ಲ, ಹಾಗಾಗಿ ಆ ತಿರುಚು ಶಾಫ್ಟುಗಳಲ್ಲಿ, ಹಲ್ಲುಗಳಲ್ಲಿ, ಜಾಯಿಂಟುಗಳಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. ಮಳೆ ಬಂತೆಂದು ಫೋರ್ ವ್ಹೀಲ್ ಹಾಕಿ ಘಾಟಿಯ ಡಾಂಬರಿನಲ್ಲಿ ಓಡಿಸಿದವನ ಗಾಡಿ ಹೊರಗಿನಿಂದ ಎಷ್ಟೇ ಚೆಂದ ಇರಲಿ, ಒಳಗೆ ಟ್ರಾನ್ಸ್‌ಫರ್ ಕೇಸ್ ದಣಿದಿರುತ್ತದೆ.

ಇದು ತಪ್ಪು ಬಳಕೆಯ ಕೇಡು. ಬಳಸದೇ ಇರುವುದರ ಕೇಡು ಇನ್ನೂ ಸಾಮಾನ್ಯ, ಮತ್ತು ಅದನ್ನು ಮಾರುವವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. "ಸಾರ್, ಫೋರ್ ವ್ಹೀಲ್ ಒಂದು ದಿನವೂ ಹಾಕಿಲ್ಲ" ಎಂಬ ಮಾತು ಕೇಳಿ ಖುಷಿಪಡುವವರೇ ಹೆಚ್ಚು. ನನಗೆ ಅದು ಎಚ್ಚರಿಕೆಯ ಗಂಟೆ. ವರ್ಷಾನುಗಟ್ಟಲೆ ಕದಲದ ಲಿವರಿನ ಫೋರ್ಕು ತುಕ್ಕು ಹಿಡಿದು ಬಿಗಿಯುತ್ತದೆ. ನಿರ್ವಾತದಿಂದಲೋ ಮೋಟರಿನಿಂದಲೋ ಕೆಲಸ ಮಾಡುವ ಹಬ್ಬುಗಳು ಕೆಲಸ ಮರೆಯುತ್ತವೆ. ಮುಂದಿನ ಡಿಫರೆನ್ಶಿಯಲ್‌ಗೆ ಎಣ್ಣೆ ಬದಲಿಸಬೇಕೆಂಬುದೇ ಯಾರ ನೆನಪಿನಲ್ಲೂ ಇರುವುದಿಲ್ಲ. ಅಂಥ ಗಾಡಿಯನ್ನು ತಂದು ಮೊದಲ ಜೂನ್ ತಿಂಗಳಲ್ಲಿ ತೋಟದ ಏರಿಗೆ ಬಿಟ್ಟಾಗ ಸೂಚಕ ದೀಪ ಮಿನುಗುತ್ತದೆ, ಮುಂದಿನ ಚಕ್ರ ಮಾತ್ರ ತಿರುಗುವುದಿಲ್ಲ. ಡೀಸೆಲ್ ಉಳಿಯುತ್ತದೆ, ಸದ್ದು ಕಡಿಮೆಯಾಗುತ್ತದೆ ಎಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿಟ್ಟ ಜೀಪುಗಳೂ ಉಂಟು. ಕೆಳಗೆ ಬಗ್ಗಿ ನೋಡದಿದ್ದರೆ ಅದು ಗೊತ್ತಾಗುವುದೇ ಇಲ್ಲ. ಇನ್ನು ಹಳ್ಳ ದಾಟಿಸಿದ ಗಾಡಿಗಳ ವಿಚಾರ ಬೇರೆ. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಟದ ಕೊಳವೆ ಮಣ್ಣಿನಿಂದ ಮುಚ್ಚಿಹೋಗಿದ್ದರೆ ಅದು ಸೀಲಿನ ಸಂದಿಯಿಂದ ನೀರನ್ನೇ ಒಳಕ್ಕೆ ಹೀರಿಕೊಳ್ಳುತ್ತದೆ. ಎಣ್ಣೆ ಹಾಲುಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆ ಎಣ್ಣೆಯಲ್ಲಿ ಬೇರಿಂಗುಗಳು ಹೆಚ್ಚು ದಿನ ಬಾಳುವುದಿಲ್ಲ.

ಆದ್ದರಿಂದ ಪರೀಕ್ಷೆಯ ಕ್ರಮವನ್ನೇ ತಿರುಗಿಸಬೇಕು ಎನ್ನುತ್ತೇನೆ. ಎಂಜಿನ್ ಕಡೆಗಿರಲಿ, ಮೊದಲು ಫೋರ್ ವ್ಹೀಲ್. ಡಾಂಬರಿನ ಮೇಲಲ್ಲ, ಹುಲ್ಲಿನ ಬಯಲಿನಲ್ಲಿ ಅಥವಾ ಸಡಿಲ ಮಣ್ಣಿನಲ್ಲಿ. ಹಾಕಿ ತೋರಿಸಿ ಎಂದು ಮಾರುವವನನ್ನೇ ಕೇಳುವುದು ಒಳ್ಳೆಯದು. ಅವನ ಕೈ ತಡವರಿಸಿದರೆ ಆ ಗಾಡಿಯ ಅರ್ಧ ಚರಿತ್ರೆ ಅಲ್ಲೇ ಸಿಕ್ಕಿತು. ಟ್ರಾನ್ಸ್‌ಫರ್ ಕೇಸಿನ ಲೋ ಗೇರಿಗೆ ಹಾಕಿ ಆಕ್ಸಲರೇಟರ್ ಮುಟ್ಟದೆ ಒಂದು ಏರಿನಲ್ಲಿ ಬಿಟ್ಟರೆ ಗಾಡಿ ತಾನಾಗಿ ನಡೆಯಬೇಕು. ಮಧ್ಯೆ ಹಲ್ಲು ಜಿಗಿದ ಸದ್ದು ಬರಬಾರದು, ಲಿವರ್ ಹಿಂದಕ್ಕೆ ಹಾರಬಾರದು. ಸ್ಟೇರಿಂಗು ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದಾಗ ಕಟಕಟ ಎಂದರೆ ಮುಂದಿನ ಜಾಯಿಂಟುಗಳ ಆಯುಷ್ಯ ಮುಗಿದಿದೆ. ನಾಲ್ಕೂ ಟಯರುಗಳು ಒಂದೇ ಅಳತೆಯವೇ, ಒಂದೇ ಪ್ರಮಾಣದಲ್ಲಿ ಸವೆದಿವೆಯೇ ಎಂಬುದು ಸಾದಾ ಕಾರಿನಲ್ಲಿ ಕೇವಲ ಖರ್ಚಿನ ಪ್ರಶ್ನೆ. ಇಲ್ಲಿ ಅದು ಯಂತ್ರದ ಪ್ರಶ್ನೆ, ಯಾಕೆಂದರೆ ಸುತ್ತಳತೆ ವ್ಯತ್ಯಾಸವಾದರೆ ನೇರ ದಾರಿಯಲ್ಲೂ ಆ ತಿರುಚು ಶುರುವಾಗುತ್ತದೆ. ಹತ್ತಿಪ್ಪತ್ತು ಕಿಲೋಮೀಟರು ಓಡಿಸಿ ಬಂದು ನಾಲ್ಕೂ ಹಬ್ಬುಗಳ ಹತ್ತಿರ ಕೈ ಹಿಡಿದು ನೋಡಿದರೆ ಯಾವ ಬೇರಿಂಗು ಅತಿಯಾಗಿ ಕಾಯುತ್ತಿದೆ ಎಂಬುದು ಯಾವ ಉಪಕರಣವೂ ಇಲ್ಲದೆ ತಿಳಿಯುತ್ತದೆ. ಚಾಸಿಗೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅದರ ಕೆಳಗೇನಿದೆ ಎಂದು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡುವುದಕ್ಕೆ ಸಂಕೋಚ ಬೇಡ. ಉಡುಪಿ, ಮಂಗಳೂರಿನ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಹೊರಗೆ ನಿಂತ ಗಾಡಿಗಂತೂ ಇದು ಅಗತ್ಯ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಇದೆಲ್ಲ ಹಳೆಯ ಕಾಲದ ಲಿವರ್ ಗಾಡಿಗಳ ತಾಪತ್ರಯ, ಅದನ್ನು ಬಿಟ್ಟು ತಾನೇ ಲೆಕ್ಕ ಹಾಕಿ ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಆಲ್ ವ್ಹೀಲ್ ಡ್ರೈವ್ ಕಾರು ತೆಗೆದುಕೊಂಡರೆ ಸಂಸಾರಕ್ಕೂ ಸುಖ, ಚಾಲಕನಿಗೂ ತಲೆನೋವಿಲ್ಲ ಎಂದು. 2014ರಲ್ಲಿ ಬಂದ ರೆನೋ ಡಸ್ಟರಿನ ಆಲ್ ವ್ಹೀಲ್ ಮಾದರಿ ಈ ವಾದಕ್ಕೆ ಒಳ್ಳೆಯ ಉದಾಹರಣೆ. ಹಿಂದಿನ ಚಕ್ರಗಳಿಗೆ ಒಂದಕ್ಕೊಂದು ಸ್ವತಂತ್ರವಾದ ಸಸ್ಪೆನ್ಷನ್, 210 ಮಿಲಿಮೀಟರ್ ನೆಲದ ಅಂತರ, ಲೋ ಗೇರ್ ಇಲ್ಲದಿದ್ದರೂ ಏರಿಗೆ ಸಾಕಾಗುವಷ್ಟು ಗಿಡ್ಡ ಮೊದಲ ಗೇರು, ಎಲ್ಲಕ್ಕಿಂತ ಹೆಚ್ಚಾಗಿ ಡಾಂಬರಿನ ಮೇಲೆ ಕಾರಿನಂಥ ನಡಿಗೆ. ಹಿಂದೆ ಕುಳಿತ ಮಕ್ಕಳಿಗೆ ಚಾರ್ಮಾಡಿಯ ತಿರುವಿನಲ್ಲಿ ಹೊಟ್ಟೆ ತೊಳಸದಂತೆ ಕರೆದೊಯ್ಯಬಲ್ಲ ಹಳೆಯ ಫೋರ್ ವ್ಹೀಲ್ ಯಾವುದೆಂದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ವಾದ ಇಲ್ಲಿ ಬೀಳುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತದೆ. ಅದರ 1.5 ಲೀಟರ್ ಡೀಸೆಲ್ ಎಂಜಿನ್ ನಿಸಾನ್ ಸನ್ನಿ, ಟೆರಾನೊಗಳಲ್ಲೂ ಇದ್ದದ್ದರಿಂದ ಅದನ್ನು ಬಲ್ಲವರು ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತಾರೆ. ಹಿಂದಿನ ಚಕ್ರಕ್ಕೆ ಶಕ್ತಿ ದಾಟಿಸುವ ವಿದ್ಯುತ್ ನಿಯಂತ್ರಿತ ಕಪ್ಲಿಂಗ್ ಮಾತ್ರ ಮುಚ್ಚಿದ ಡಬ್ಬಿ. ಅದು ಅತಿಯಾಗಿ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ಕೈಬಿಡುತ್ತದೆ, ಕೆಟ್ಟರೆ ಬಿಚ್ಚಿ ಸರಿಮಾಡುವುದಲ್ಲ, ಇಡಿಯಾಗಿ ಬದಲಿಸುವುದು. ಮಾರಾಟವಾದದ್ದೇ ಕಡಿಮೆ ಗಾಡಿಗಳಾದ್ದರಿಂದ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಮೈಸೂರು, ಮಂಗಳೂರಿನಲ್ಲಿದ್ದು ರಜೆಯಲ್ಲಿ ಊರಿಗೆ ಬರುವವರಿಗೆ ಅದು ಸರಿಯಾದ ಆಯ್ಕೆ. ನಿತ್ಯ ಕೆಸರಿನ ಏರು ಹತ್ತಲೇಬೇಕಾದ, ಹತ್ತಿರದ ಊರಿನಲ್ಲಿ ಒಂದೇ ಗ್ಯಾರೇಜಿರುವ ಮನೆಗೆ ಅಲ್ಲ.

ಟೊಯೊಟಾ ಫಾರ್ಚುನರ್ ಬಗ್ಗೆಯೂ ಇದೇ ತಕ್ಕಡಿ ಹಿಡಿಯಬೇಕು. 2009ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿರುವ ಗಾಡಿ, ಮೊದಲ ತಲೆಮಾರಿನ ಮೂರು ಲೀಟರ್ ಡೀಸೆಲ್ ಎಂಜಿನ್ನಿನ ಬಾಳಿಕೆಯ ಬಗ್ಗೆ ಎರಡು ಮಾತಿಲ್ಲ. ಆ ತಲೆಮಾರಿನ ಫೋರ್ ವ್ಹೀಲ್ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುತ್ತಿತ್ತು, ನಡುವೆ ಒಂದು ಡಿಫರೆನ್ಶಿಯಲ್ ಇದ್ದುದರಿಂದ ಡಾಂಬರಿನಲ್ಲಿ ತಿರುಚಿನ ಸಮಸ್ಯೆಯೂ ಇಲ್ಲ, ಬಳಸದೆ ಬಿಗಿಯುವ ಸಮಸ್ಯೆಯೂ ಇಲ್ಲ. ಹಳೆಯ ಗಾಡಿಯಾಗಿ ಕೊಳ್ಳುವವನಿಗೆ ಇದು ದೊಡ್ಡ ಲಾಭ, ಆದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ತೊಂದರೆ ಏನೆಂದರೆ ಈ ಖ್ಯಾತಿಯೇ ಬೆಲೆಯನ್ನು ಮೇಲೆ ಹಿಡಿದಿಟ್ಟಿದೆ. ಖ್ಯಾತಿಗೆ ಕೊಟ್ಟ ಹಣದಲ್ಲಿ ಸ್ವಲ್ಪವನ್ನಾದರೂ ಟಯರು, ಬ್ರೇಕು, ಬೇರಿಂಗುಗಳಿಗೆ ಉಳಿಸಿಕೊಳ್ಳಲಾಗದವನು ಹೆಸರಿನ ಭರವಸೆಯಲ್ಲಿ ಸವೆದ ಗಾಡಿಯನ್ನು ಓಡಿಸುತ್ತಾನೆ. ಎರಡು ಟನ್ನಿನ ಆಸುಪಾಸು ತೂಗುವ ಗಾಡಿ ಒದ್ದೆ ಮಣ್ಣಿನ ಇಳಿಜಾರಿನಲ್ಲಿ ಜಾರತೊಡಗಿದರೆ ಹೆಸರು ಅದನ್ನು ನಿಲ್ಲಿಸುವುದಿಲ್ಲ.

ನಿಜವಾಗಿ ಫೋರ್ ವ್ಹೀಲ್ ಬೇಕೇ ಎಂಬ ಪ್ರಶ್ನೆಯನ್ನು ಕೆಲವರು ಎಲ್ಲಕ್ಕಿಂತ ಮುಂದೆ ತರುತ್ತಾರೆ, ಅದು ನ್ಯಾಯವೇ. 2000ದ ಕೊನೆಗೆ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೇಲೆ ಹಳ್ಳಿಗಳ ಡಾಂಬರು ಮುಂದೆ ಮುಂದೆ ಬಂದಿದೆ, ಕಡಿದಾದ ಏರುಗಳಿಗೆ ಕಾಂಕ್ರೀಟು ಬಿದ್ದಿದೆ. ಹಿಂದೆ ಜೀಪಿಲ್ಲದೆ ತಲುಪಲಾಗದಿದ್ದ ಎಷ್ಟೋ ಮನೆಗಳ ಅಂಗಳದಲ್ಲಿ ಈಗ ಸ್ವಿಫ್ಟು, ಆಲ್ಟೊ ನಿಂತಿವೆ. ಒಳ್ಳೆಯ ಟಯರು, ಸ್ವಲ್ಪ ಎತ್ತರ, ಸ್ವಲ್ಪ ತಾಳ್ಮೆ ಇದ್ದರೆ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯೇ ಸಾಕಾಗುವ ದಾರಿಗಳೇ ಹೆಚ್ಚು. ಫೋರ್ ವ್ಹೀಲ್ ಎಂದರೆ ಹೆಚ್ಚಿನ ತೂಕ, ಹೆಚ್ಚಿನ ಜಾಯಿಂಟು, ಹೆಚ್ಚಿನ ಎಣ್ಣೆ. ಶೋಕಿಗಾಗಿ ಕೊಳ್ಳುವವರಿಗೆ ನನ್ನ ತಕರಾರಿಲ್ಲ, ಈ ಬರಹ ಅವರಿಗಲ್ಲ. ಆದರೆ ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕಡೆ ಮುಖ್ಯರಸ್ತೆಯಿಂದ ಮನೆಗೆ ಇರುವ ಕೊನೆಯ ಒಂದೆರಡು ಕಿಲೋಮೀಟರು ಈಗಲೂ ಕೆಂಪು ಮಣ್ಣೇ. ಅದಕ್ಕೆ ಡಾಂಬರು ಹಾಕಿಸುವುದು ಸರ್ಕಾರದ ಜವಾಬ್ದಾರಿಯಲ್ಲ, ಮನೆಯವರ ಜೇಬಿನದು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯನ್ನು ರಸ್ತೆ ಬದಿಯಲ್ಲಿ ಬಿಟ್ಟು ಕೊಡೆ ಹಿಡಿದು ನಡೆಯಬೇಕಾದ ಮನೆಯಲ್ಲಿ ವಯಸ್ಸಾದವರಿದ್ದರೆ, ರಾತ್ರಿ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭವನ್ನು ಲೆಕ್ಕ ಹಿಡಿದರೆ, ಆ ಹೆಚ್ಚುವರಿ ತೂಕಕ್ಕೂ ಎಣ್ಣೆಗೂ ಕಾರಣ ಸಿಗುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಫೋರ್ ವ್ಹೀಲ್ ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ಇಳಿಯುವಾಗ ಲೋ ಗೇರಿನ ಎಂಜಿನ್ ಹಿಡಿತ ಸಹಾಯಕ್ಕೆ ಬಂದರೂ ಬ್ರೇಕಿನ ಕೆಲಸ ಟಯರಿನದೇ.

ಸಂಸಾರದ ಗಾಡಿ ಎಂದ ಮೇಲೆ ಹಳೆಯ ಜೀಪಿನ ಪರ ವಾದಿಸುವುದಕ್ಕೆ ಒಂದು ಮಿತಿಯೂ ಇದೆ. ದುರಸ್ತಿ ಸುಲಭ ಎಂಬುದನ್ನೇ ಎತ್ತಿ ಹಿಡಿದರೆ ಎಂಎಂ540 ಅಥವಾ ಜಿಪ್ಸಿಯೇ ಗೆಲ್ಲಬೇಕು. ಆದರೆ ಹಿಂದೆ ಎದುರುಬದುರು ಬೆಂಚಿನಲ್ಲಿ ಬೆಲ್ಟಿಲ್ಲದೆ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿಯಲ್ಲಿ ಲಾರಿಗಳ ನಡುವೆ ಇಳಿಯುವುದನ್ನು ಈಗ ಯಾರಿಗೂ ಸಲಹೆ ಮಾಡಲಾರೆ. ಆಗ ನಮಗೆ ಬೇರೆ ದಾರಿ ಇರಲಿಲ್ಲ, ಈಗ ಇದೆ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಲ್ಲಿ. ಅದಕ್ಕೂ ಮೊದಲಿನ ಗಾಡಿಗಳಲ್ಲಿ ಇವು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಒಂದೇ ಮಾಡೆಲಿನ ಕೆಳಗಿನ ಮತ್ತು ಮೇಲಿನ ದರ್ಜೆಗಳ ನಡುವೆಯೇ ಆ ವ್ಯತ್ಯಾಸವಿತ್ತು. ಹಾಗಾಗಿ ನನ್ನ ತಕ್ಕಡಿಯಲ್ಲಿ ಗ್ಯಾರೇಜಿನ ಪರಿಚಯ ಒಂದು ತಟ್ಟೆ, ಮುಂದಕ್ಕೆ ಮುಖಮಾಡಿದ ಸೀಟು, ಎಲ್ಲರಿಗೂ ಬೆಲ್ಟು, ಏರ್‌ಬ್ಯಾಗ್, ಎಬಿಎಸ್ ಇನ್ನೊಂದು ತಟ್ಟೆ. ಎರಡನೆಯದನ್ನು ಬಿಟ್ಟುಕೊಡದೆ ಮೊದಲನೆಯದನ್ನು ಹುಡುಕಿದರೆ ಮಲೆನಾಡಿನ ಮನೆಗೆ ಉಳಿಯುವ ಹೆಸರುಗಳು ಬಹಳ ಇಲ್ಲ. ಮೇಲಿನ ದರ್ಜೆಯ ಫೋರ್ ವ್ಹೀಲ್ ಸ್ಕಾರ್ಪಿಯೊ, 2012ರ ನಂತರದ ಸಫಾರಿ ಸ್ಟಾರ್ಮ್‌ನ ಫೋರ್ ವ್ಹೀಲ್, 2020ರ ಹೊಸ ಥಾರ್. ಥಾರ್ ಆ ವರ್ಷವೇ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆದದ್ದು ಅದಕ್ಕೊಂದು ಗುಣವೇ. ಆದರೆ ಎರಡೇ ಬಾಗಿಲಿನ ಗಾಡಿಯ ಹಿಂಬದಿಗೆ ಮಂಡಿನೋವಿನ ಅಮ್ಮನನ್ನು ಹತ್ತಿಸುವುದು ಹೇಗೆಂದು ಕೊಳ್ಳುವ ಮುನ್ನ ಯೋಚಿಸುವವರು ಕಡಿಮೆ.

ಕಡಿಮೆ ಕಿಲೋಮೀಟರಿನ ಮೋಹದ ಬಗ್ಗೆಯೂ ಹೇಳಬೇಕು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ದೆಹಲಿಯಲ್ಲಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳ ಕಡೆ ಹೊರಟವು. ಒಣ ಹವೆ, ತುಕ್ಕಿಲ್ಲದ ಮೈ, ಹೊಳೆಯುವ ಬಣ್ಣ ಎಲ್ಲ ನಿಜ. ಆದರೆ ಆ ಫೋರ್ ವ್ಹೀಲ್ ಗಾಡಿಗಳಲ್ಲಿ ಬಹುಪಾಲು ಮಣ್ಣು ಕಂಡವಲ್ಲ, ಅವುಗಳ ಲಿವರ್ ಕದಲಿದ್ದೇ ಇಲ್ಲ. ಮೇಲೆ ಹೇಳಿದ ಬಳಸದ ಕೇಡಿಗೆ ಇವೇ ಮಾದರಿ. ಅಗ್ಗ ಎನ್ನುವುದೂ ಪೂರ್ತಿ ನಿಜವಲ್ಲ. ಎನ್‌ಒಸಿ ತಂದು, ಹನ್ನೆರಡು ತಿಂಗಳೊಳಗೆ ನಮ್ಮ ನಂಬರಿಗೆ ಬದಲಿಸಿಕೊಂಡು, ದೇಶದಲ್ಲೇ ದುಬಾರಿ ಎನಿಸಿಕೊಂಡ ಕರ್ನಾಟಕದ ಲೈಫ್ ಟ್ಯಾಕ್ಸನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟುವ ಹೊತ್ತಿಗೆ ಉಳಿತಾಯ ಕರಗಿರುತ್ತದೆ. ಇನ್ನು ನೆರೆಯಲ್ಲಿ ಮುಳುಗಿದ ಗಾಡಿಗಳು. 2015ರ ಚೆನ್ನೈ, 2018ರ ಕೇರಳದ ನೆರೆಗಳ ಮೇಲೆ ಹಳೆ ಗಾಡಿ ಕೊಳ್ಳುವವರೆಲ್ಲ ಹುಷಾರಾದರು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದರೆ ಕೆಸರಿನ ಗೆರೆ ಕಾಣುತ್ತದೆ, ಸೀಟಿನ ಕೆಳಗಿನ ಕಂಬಿಯಲ್ಲಿ ತುಕ್ಕು ಸಿಗುತ್ತದೆ, ಕಾರ್ಪೆಟ್ ಎತ್ತಿದರೆ ವಾಸನೆ. ಇವೆಲ್ಲ ಮೀಟರಿನ ಅಂಕಿ ಹೇಳದ ಸಂಗತಿಗಳು. ಇವಕ್ಕಿಂತ, ತೋಟದಲ್ಲಿ ಒಂದೂವರೆ ಲಕ್ಷ ಕಿಲೋಮೀಟರು ದುಡಿದು, ಪ್ರತಿ ಮಳೆಗಾಲದ ಮೇಲೆ ಎಣ್ಣೆ ಬದಲಾಗಿ, ಬಿಲ್ಲುಗಳ ಕಟ್ಟು ಉಳಿದಿರುವ ಗಾಡಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕಾಗದಪತ್ರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರಿಗೂ ಗಾಡಿಯಲ್ಲಿರುವುದಕ್ಕೂ ತಾಳೆಯಾಗಬೇಕು, ಎಂಜಿನ್ ಬದಲಾದ ಜೀಪುಗಳಲ್ಲಿ ಇದೇ ಎಡವಟ್ಟು. ಸಾಲ ತೀರಿದ ಪತ್ರ ಇರಬೇಕು. ಹದಿನೈದು ವರ್ಷವಾದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸದಾಗಬೇಕು, ಅದರ ಖರ್ಚನ್ನು ಬೆಲೆಯಲ್ಲೇ ಕಳೆದುಕೊಳ್ಳಬೇಕು.

ಊರಿನ ಗ್ಯಾರೇಜಿಗೆ ಇಷ್ಟು ಮಹತ್ವ ಕೊಡುವುದು ಹಳೇ ಕಾಲದ ಹಂಬಲ, ಈಗ ಯಾವ ಸಾಮಾನನ್ನಾದರೂ ಆನ್‌ಲೈನಿನಲ್ಲಿ ತರಿಸಬಹುದಲ್ಲ, ಎಂದು ನಗುವವರಿದ್ದಾರೆ. ಸಾಮಾನು ಬರುತ್ತದೆ, ಒಪ್ಪೋಣ. ಅದನ್ನು ಕೂರಿಸುವ ಕೈ ಕೊರಿಯರಿನಲ್ಲಿ ಬರುವುದಿಲ್ಲ. ಇನ್ನೂ ಗಂಭೀರವಾದದ್ದು ರೋಗ ಹಿಡಿಯುವ ಪ್ರಶ್ನೆ. ಯಾವ ಸಾಮಾನು ಕೆಟ್ಟಿದೆ ಎಂದು ಗೊತ್ತಾದ ಮೇಲಲ್ಲವೇ ತರಿಸುವುದು? ಹಿಂದೆ ಅದು ಕಿವಿಯಿಂದ, ಕೈಯಿಂದ ಗೊತ್ತಾಗುತ್ತಿತ್ತು. ಈಗ ಸ್ಕ್ಯಾನರ್ ಬೇಕು, ಸ್ಕ್ಯಾನರ್ ಹೇಳಿದ ಸೆನ್ಸರೇ ತಪ್ಪಿತಸ್ಥನೋ ಅಥವಾ ಅದಕ್ಕೆ ಹೋಗುವ ತಂತಿಯನ್ನು ಇಲಿ ಕಡಿದಿದೆಯೋ ಎಂದು ತಿಳಿಯುವ ಅನುಭವ ಬೇಕು. ಮಲೆನಾಡಿನ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಇಲಿಯ ಕಾಟ ತಮಾಷೆಯ ಮಾತಲ್ಲ. ಆ ಅನುಭವ ಇರುವ ಹೊಸ ತಲೆಮಾರಿನ ಮೆಕ್ಯಾನಿಕ್‌ಗಳು ಸಣ್ಣ ಊರುಗಳಲ್ಲೂ ಬರುತ್ತಿದ್ದಾರೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಅವರು ಯಾವ ಗಾಡಿಯನ್ನು ದಿನವೂ ನೋಡುತ್ತಾರೋ ಅದನ್ನೇ ಕೊಳ್ಳಿ ಎಂಬುದಷ್ಟೇ ನನ್ನ ಮಾತು. ಪಟ್ಟಣದ ಗ್ಯಾರೇಜಿನ ಮುಂದೆ ಒಂದು ಬೆಳಿಗ್ಗೆ ನಿಂತು ಅಲ್ಲಿ ಯಾವ ಯಾವ ಗಾಡಿಗಳ ಬಾನೆಟ್ ತೆರೆದಿವೆ ಎಂದು ನೋಡುವುದು ಹತ್ತು ವಿಮರ್ಶೆ ಓದುವುದಕ್ಕಿಂತ ಉಪಯುಕ್ತ. ಅಲ್ಲಿ ಕಾಣುವ ಗಾಡಿ ಹೆಚ್ಚು ಕೆಡುತ್ತದೆ ಎಂದಲ್ಲವೇ ಅರ್ಥ ಎಂದು ಕೇಳಬಹುದು. ಸ್ವಲ್ಪ ಹೌದು, ಬಹುಪಾಲು ಅಲ್ಲ. ಊರಿನಲ್ಲಿ ಹೆಚ್ಚು ಇರುವ ಗಾಡಿ ಗ್ಯಾರೇಜಿನಲ್ಲೂ ಹೆಚ್ಚು ಕಾಣುತ್ತದೆ. ಸಂಜೆಗೆ ಅವು ಎದ್ದು ಹೋಗುತ್ತವೆಯೋ, ವಾರಗಟ್ಟಲೆ ಅಲ್ಲೇ ಧೂಳು ಹಿಡಿಯುತ್ತವೆಯೋ ಎಂಬುದನ್ನು ನೋಡಬೇಕು.

ಮುಂದಿನ ಕೆಲವು ವರ್ಷಗಳಲ್ಲಿ ಹಳೆ ಗಾಡಿಗಳ ಮಾರುಕಟ್ಟೆಗೆ ಬರುವುದು 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳು. ಅಲ್ಲಿ ಈ ವಾದವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಆ ಡೀಸೆಲ್ ಗಾಡಿಗಳ ಹೊಗೆ ಸೋಸುವ ಫಿಲ್ಟರು ತನ್ನಲ್ಲಿ ಕೂಡಿದ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಆಗಾಗ ಒಂದೇ ಸಮ ವೇಗದಲ್ಲಿ ದೂರ ಓಡಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ಶಾಲೆಗೆ ಎಂದು ಎರಡನೇ ಗೇರಿನಲ್ಲೇ ಬದುಕು ಕಳೆಯುವ ಗಾಡಿಗೆ ಆ ಅವಕಾಶ ಕಡಿಮೆ. ಹಾಗಾಗಿ ಡೀಸೆಲ್ಲೇ ಮಲೆನಾಡಿನ ಎಣ್ಣೆ ಎಂಬ ಹಳೆಯ ನಂಬಿಕೆಯನ್ನು ಇನ್ನು ಕಣ್ಣುಮುಚ್ಚಿ ಹಿಡಿಯಲಾಗದು. ಜಿಪ್ಸಿಯ ವಾರಸುದಾರನಂತೆ 2023ರಲ್ಲಿ ಬಂದ ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ ಎರ್ಟಿಗಾ, ಸಿಯಾಜ್‌ಗಳಲ್ಲಿ ಓಡಿ ಪರಿಚಿತವಾದದ್ದೇ. ಲಿವರ್ ಹಳೆಯ ಬಗೆಯದೇ, ಲೋ ಗೇರೂ ಇದೆ, ಏರ್‌ಬ್ಯಾಗ್ ಆರು. ನನ್ನ ಲೆಕ್ಕದ ಪ್ರಕಾರ ಅದೇ ಮುಂದಿನ ದಶಕದ ಸರಿಯಾದ ಹಳೆ ಗಾಡಿಯಾಗಬೇಕು. ಆದರೆ ಅದು ನಾಲ್ಕೇ ಜನ ಕೂರುವ ಗಾಡಿ, ಹಿಂದೆ ಒಂದು ಅಕ್ಕಿಮೂಟೆ ಇಟ್ಟರೆ ಬೇರೇನೂ ಹಿಡಿಸುವುದಿಲ್ಲ. ಅಜ್ಜಿಯನ್ನೂ ಸೇರಿಸಿ ಐದಾರು ಜನರಿರುವ ಮನೆಯವರು, ಸದ್ಯಕ್ಕಂತೂ, ಎಣ್ಣೆ ಬದಲಿಸಿದ ಬಿಲ್ಲುಗಳಿರುವ ಹಳೆಯ ಫೋರ್ ವ್ಹೀಲ್ ಸ್ಕಾರ್ಪಿಯೊ ಯಾರ ಮನೆಯಲ್ಲಿದೆ ಎಂದು ವಿಚಾರಿಸುತ್ತಿರುವುದೇ ವಾಸಿ.